ಏಳು ಹಳೆಯ ಫೋನುಗಳು, ಒಂದು ಡಿಪ್ಲೊಮಾ: ನನ್ನ ಅನುಭವ

ಇಂಟರ್ನೆಟ್ ಇಲ್ಲದ ಶಾಲೆಯಲ್ಲಿ ಶೈಕ್ಷಣಿಕ ತಂತ್ರಜ್ಞಾನದ ಪ್ರಾಜೆಕ್ಟ್ ಮಾಡುತ್ತೇನೆಂದು ಹೇಳಿದ ದಿನ ಶಿಕ್ಷಕರ ಕೊಠಡಿಯಲ್ಲಿ ನಗದವರು ಯಾರೂ ಇರಲಿಲ್ಲ. ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕುತ್ತಲೇ ಮುಖ್ಯ ಶಿಕ್ಷಕರು, "ಮೊದಲು ಕರೆಂಟ್ ತರಿಸ್ರಿ, ಆಮೇಲೆ ತಂತ್ರಜ್ಞಾನ ನೋಡೋಣಂತ" ಎಂದಿದ್ದರು. ರಾಯಚೂರು ಜಿಲ್ಲೆಯ ಸರಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕನಾದ ನಾನು ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಶೈಕ್ಷಣಿಕ ತಂತ್ರಜ್ಞಾನ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಸೇರಿದ್ದೆ. ಒಂದು ವರ್ಷಕ್ಕೇ ಮುಗಿಸಬಹುದಾದ ಕೋರ್ಸಿಗೆ ಮೂರು ವರ್ಷ ತೆಗೆದುಕೊಂಡೆ. ಪಠ್ಯ ಇಂಗ್ಲಿಷಿನಲ್ಲಿತ್ತು, ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ; ಮೊದಲ ಸಲ ಬರೆದ ಪತ್ರಿಕೆಗಳಲ್ಲಿ ಒಂದರಲ್ಲಿ ಬಿದ್ದೆ.

ಪ್ರಾಜೆಕ್ಟಿನ ಮೊದಲ ಪ್ರಯತ್ನವೂ ಬಿದ್ದಿತು. ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನು ನಾನೇ ಹೇಳಿ, ರೆಕಾರ್ಡ್ ಮಾಡಿ, ಸುಮಾರು ಹದಿನಾಲ್ಕು ವಿಡಿಯೊ ತಯಾರಿಸಿದೆ. ಒಂದೊಂದೂ ಅರ್ಧ ಗಂಟೆಗೆ ಕಡಿಮೆ ಇರಲಿಲ್ಲ. ಮೂರನೆಯ ವಿಡಿಯೊ ಹಾಕುವ ಹೊತ್ತಿಗೆ ಹಿಂದಿನ ಸಾಲು ನಿದ್ದೆ ಹೋಗಿತ್ತು, ಆರನೆಯದರ ಹೊತ್ತಿಗೆ ಯು.ಪಿ.ಎಸ್. ಬ್ಯಾಟರಿ ಸತ್ತಿತ್ತು. ಮಾರ್ಗದರ್ಶಕರು ಪ್ರಸ್ತಾವನೆಯನ್ನು ನೋಡಿ, ಪಾಠವನ್ನು ಪರದೆಗೆ ಸಾಗಿಸಿದ್ದೀರಿ ಅಷ್ಟೇ, ಇದರಲ್ಲಿ ಅಧ್ಯಯನ ಎಲ್ಲಿದೆ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯ ಪ್ರಯತ್ನದಲ್ಲಿ ಹಳೆಯ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಇಲ್ಲದೆಯೂ ಪಾಠಗಳನ್ನು ತೋರಿಸುವ ಕೋಲಿಬ್ರಿ ತಂತ್ರಾಂಶ ಹಾಕಿ, ರೂಟರ್ ಜೋಡಿಸಿ, ಶಾಲೆಯೊಳಗೇ ಒಂದು ಪುಟ್ಟ ಸರ್ವರ್ ನಡೆಸಿದೆ. ಅದು ಸೊಗಸಾಗಿಯೇ ನಡೆಯುತ್ತಿತ್ತು, ಕರೆಂಟ್ ಇದ್ದಾಗ.

ದಾರಿ ತೋರಿಸಿದ್ದು ಡಿಪ್ಲೊಮಾದ ಪಠ್ಯಪುಸ್ತಕದ ಒಂದು ಪ್ಯಾರಾ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತ್ತೆಂದೂ, ಕರ್ನಾಟಕದಿಂದ ಆಯ್ದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದೆಂದೂ ಓದಿದಾಗ ಪರೀಕ್ಷೆಯ ಚಿಂತೆ ಬಿಟ್ಟು ಆ ಟಿ.ವಿ. ಕಂಡವರನ್ನು ಹುಡುಕುತ್ತ ಹೊರಟೆ. ಪಕ್ಕದ ಹಳ್ಳಿಯ ಹಿರಿಯರೊಬ್ಬರು ಸಿಕ್ಕರು. "ಟಿ.ವಿ. ಬಂದಿದ್ದು ಖರೆ ಮಾಸ್ತರ್ರ, ಆದ್ರ ಕೀಲಿ ಒಬ್ಬರ ಕೈಯಾಗ ಇತ್ತು. ಅವರು ಊರಿಗೆ ಹೋದ್ರ ಟಿ.ವಿ. ಬಂದ್" ಎಂದರು. ನನ್ನ ಲ್ಯಾಪ್‌ಟಾಪಿನ ಪಾಸ್‌ವರ್ಡ್ ನನ್ನೊಬ್ಬನಿಗೇ ಗೊತ್ತಿತ್ತೆಂಬುದು ಬಸ್ಸಿನಲ್ಲಿ ಹಿಂತಿರುಗುವಾಗ ನೆನಪಾಯಿತು.

ಸರ್ವರನ್ನು ಕಿತ್ತುಹಾಕಿದೆ. ಸಹೋದ್ಯೋಗಿಗಳ ಮನೆಯ ಮೂಲೆಗಳಲ್ಲಿ ಬಿದ್ದಿದ್ದ, ಪರದೆ ಬಿರುಕುಬಿಟ್ಟ ಐದು ಫೋನುಗಳನ್ನು ಬೇಡಿ ತಂದೆ. ಇನ್ನೆರಡನ್ನು ತಲಾ ಸಾವಿರದೈನೂರರ ಹಾಗೆ ಸೆಕೆಂಡ್ ಹ್ಯಾಂಡ್ ಕೊಂಡೆ. ಒಂದರಲ್ಲೂ ಸಿಮ್ ಇಲ್ಲ. ಕೊಲೊರಾಡೊ ವಿಶ್ವವಿದ್ಯಾಲಯದ 'ಫೆಟ್' ಎಂಬ, ಪರದೆಯ ಮೇಲೆಯೇ ಪ್ರಯೋಗ ಮಾಡಿನೋಡುವ ಸಿಮ್ಯುಲೇಶನ್‌ಗಳನ್ನು ಒಂದೊಂದೇ ಎಚ್.ಟಿ.ಎಂ.ಎಲ್. ಕಡತವಾಗಿ ಇಳಿಸಿಕೊಳ್ಳಬಹುದಾದ್ದರಿಂದ, ವಿದ್ಯುನ್ಮಂಡಲ ಕಟ್ಟುವ ಕಡತವನ್ನು ಮನೆಯಲ್ಲಿ ಇಳಿಸಿ ಫೋನಿಗೆ ನೇರವಾಗಿ ಚುಚ್ಚುವ ಓ.ಟಿ.ಜಿ. ಪೆನ್‌ಡ್ರೈವ್ ಮೂಲಕ ಏಳಕ್ಕೂ ತುಂಬಿದೆ. ಹಳೆಯ ಫೋನುಗಳು ಅದನ್ನು ತೆರೆಯಲು ಬಹಳ ಸತಾಯಿಸಿದವು. ಅದಕ್ಕೆ ಕಂಡುಕೊಂಡ ಉಪಾಯವನ್ನು ನಾನು ಇಲ್ಲಿ ಬರೆಯುವುದಿಲ್ಲ; ನಾಲ್ಕು ರಾತ್ರಿ ಕೂತರೆ ನಿಮಗೂ ಸಿಗುತ್ತದೆ.

'ಎ' ವಿಭಾಗದ ಇಪ್ಪತ್ತೊಂದು ಮಕ್ಕಳಿಗೆ ಮೂವರಿಗೊಂದು ಫೋನು. ಫೋನುಗಳನ್ನಿಡುವ ಟ್ರಂಕಿನ ಕೀಲಿ ಮಕ್ಕಳ ಕೈಯಲ್ಲೇ ಇರುತ್ತಿತ್ತು, ಚಾರ್ಜ್ ಮಾಡುವ ಹೊಣೆಯೂ ಅವರದೇ. ನಿಯಮ ಒಂದೇ ಆಗಿತ್ತು: ಏನಾಗುತ್ತದೆಂದು ಮೊದಲು ಹಾಳೆಯ ಮೇಲೆ ಬರೆಯಬೇಕು, ಆಮೇಲೆ ಸ್ವಿಚ್ ಮುಟ್ಟಬೇಕು. ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದಾಗ ಬಹುತೇಕ ಎಲ್ಲರೂ, ಮೊದಲ ಬಲ್ಬು ವಿದ್ಯುತ್ತನ್ನು ತಿಂದುಬಿಡುವುದರಿಂದ ಎರಡನೆಯದು ಮಂಕಾಗುತ್ತದೆ ಎಂದು ಬರೆದಿದ್ದರು. ಪರದೆಯ ಮೇಲೆ ಎರಡೂ ಒಂದೇ ಸಮ ಉರಿದವು. ಒಬ್ಬ ಹುಡುಗಿ ಮಾತ್ರ, "ಫೋನ್ ಸುಳ್ಳು ಹೇಳಾಕತ್ತೈತ್ರಿ ಸರ್" ಎಂದು ಪಟ್ಟು ಹಿಡಿದಳು. ಪ್ರಯೋಗಾಲಯದ ಕಪಾಟಿನಿಂದ ಟಾರ್ಚ್ ಬಲ್ಬು, ಶುಷ್ಕಕೋಶ ತಂದುಕೊಟ್ಟೆ. ದುರದೃಷ್ಟಕ್ಕೆ ಬಲ್ಬುಗಳು ಬೇರೆ ಬೇರೆ ಕಂಪನಿಯವು. ಎರಡನೆಯದು ನಿಜಕ್ಕೂ ಮಂಕಾಗಿಯೇ ಉರಿಯಿತು, ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ನಾನು ಬಾಯಿ ತೆರೆಯುವ ಮೊದಲೇ ಆಕೆ ಎರಡೂ ಬಲ್ಬುಗಳ ಜಾಗ ಅದಲುಬದಲು ಮಾಡಿದಳು. ಮಂಕು ಬೆಳಕು ಬಲ್ಬಿನ ಜೊತೆಗೇ ಈಚೆಗೆ ಬಂದಿತು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ತಪ್ಪು ಜಾಗದ್ದಲ್ರಿ, ಬಲ್ಬಿಂದು" ಎಂದಳು. ನನ್ನ ವರದಿಯಲ್ಲಿ ಮಾರ್ಗದರ್ಶಕರು ಕೆಂಪು ಗೆರೆ ಎಳೆಯದ ಪುಟ ಅದೊಂದೇ.

ಈ ನಡುವೆ ಮಕ್ಕಳ ಧ್ವನಿಯಲ್ಲೇ ಪಾಠದ ಸಾರಾಂಶ ರೆಕಾರ್ಡ್ ಮಾಡಿಸಿ ಬಿಸಿಯೂಟದ ಹೊತ್ತಿನಲ್ಲಿ ಧ್ವನಿವರ್ಧಕದಲ್ಲಿ ಕೇಳಿಸಿಯೂ ನೋಡಿದೆ. ತಟ್ಟೆಗಳ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ, ಆದರೆ ರೆಕಾರ್ಡ್ ಮಾಡಿದ ಮಕ್ಕಳು ಆ ಪಾಠವನ್ನು ಮರೆತಿಲ್ಲ.

ಅಂಕಗಳ ಮಾತು. ಪೂರ್ವ ಪರೀಕ್ಷೆಯಲ್ಲಿ ಎರಡೂ ವಿಭಾಗಗಳ ಸರಾಸರಿ ಇಪ್ಪತ್ತೈದಕ್ಕೆ ಒಂಬತ್ತರ ಆಸುಪಾಸಿನಲ್ಲಿತ್ತು. ನಂತರದ ಪರೀಕ್ಷೆಯಲ್ಲಿ ನಾನೇ ಕಪ್ಪುಹಲಗೆಯಲ್ಲಿ ಕಲಿಸಿದ 'ಬಿ' ವಿಭಾಗ ಹನ್ನೆರಡರ ಹತ್ತಿರ ನಿಂತರೆ, 'ಎ' ವಿಭಾಗ ಹದಿನೇಳು ಮುಟ್ಟಿತು. ಹೆಚ್ಚಿನ ಫಲ ಕೊಟ್ಟಿದ್ದು ಫೋನಲ್ಲ, ಮೊದಲೇ ಬರೆಸಿದ ಆ ಹಾಳೆ ಎಂದು ನನ್ನ ನಂಬಿಕೆ. ಹಾಗಾಗಿ ಹಾಳೆಯ ಪ್ರಶ್ನೆಗಳನ್ನು ಸದ್ಯಕ್ಕೆ ನಾನು ಯಾರಿಗೂ ಕೊಟ್ಟಿಲ್ಲ.

ಖರ್ಚು ಬರೆದಿಟ್ಟಿಲ್ಲ. ಶುಲ್ಕ, ಮರುಪರೀಕ್ಷೆ, ಬ್ಯಾಟರಿ, ಲ್ಯಾಪ್‌ಟಾಪು, ಬಸ್ ಚಾರ್ಜು ಎಲ್ಲ ಸೇರಿ ಮೂವತ್ತೆಂಟು ಸಾವಿರ ದಾಟಿರಬೇಕು. ಅದರಲ್ಲಿ ಸಾವಿರದಷ್ಟು, ನುಡಿ ಫಾಂಟಿನಲ್ಲಿದ್ದ ಪ್ರಶ್ನಾವಳಿ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಮುದ್ರಣವಾದದ್ದಕ್ಕೆ ತೆತ್ತ ದಂಡ. ಇಷ್ಟಕ್ಕೂ ಇದರಿಂದ ನನಗೆ ಒಂದು ವೇತನ ಬಡ್ತಿಯೂ ಸಿಕ್ಕಿಲ್ಲ. ಆದರೆ ಕಳೆದ ತಿಂಗಳು ಮುಖ್ಯ ಶಿಕ್ಷಕರೇ ಬಂದು, ಗಣಿತಕ್ಕೂ ಇಂಥದ್ದೊಂದು ಮಾಡಲಾದೀತೇ ಎಂದು ಕೇಳಿದರು. ಕೀಲಿ ಮಕ್ಕಳ ಹತ್ತಿರ ಇದೆ, ಅವರನ್ನೇ ಕೇಳಿರಿ ಎಂದೆ.