ಇನ್‌ಸ್ಟಾಲ್ ಸೂಚನೆಗಳಲ್ಲಿ ವಿವರ ಎಷ್ಟಿರಬೇಕು: ನನ್ನ ಅನುಭವ

ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡುವ ಸೂಚನೆಗಳನ್ನು ಬರೆಯಲು ಕುಳಿತಾಗ, ಯಾವ ಹಂತದಲ್ಲಿ ಪರದೆಯೇ ಓದುಗರಿಗೆ ದಾರಿ ತೋರಿಸುತ್ತದೆ, ಯಾವ ಹಂತದಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳುತ್ತೇನೆ. ‘ನೆಕ್ಸ್ಟ್’ ಗುಂಡಿ ಕಣ್ಣೆದುರೇ ಇರುವುದರಿಂದ ಅದನ್ನು ಒತ್ತಿರೆಂದು ಬರೆಯುವುದಿಲ್ಲ.

ಉದಾಹರಣೆಗೆ, ವಿಂಡೋಸ್‌ನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.12ನೇ ಆವೃತ್ತಿಯ ಅಧಿಕೃತ ಇನ್‌ಸ್ಟಾಲರ್ ತೆರೆದಾಗ, ಪೈಥಾನನ್ನು ‘ಪಾತ್’ಗೆ (ಆದೇಶಗಳನ್ನು ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸುವ ಚೌಕವೊಂದು ಮೊದಲ ಪರದೆಯ ಕೆಳಗೆ ಟಿಕ್ ಗುರುತಿಲ್ಲದೆ ಇರುತ್ತದೆ. ಅದನ್ನು ಬಿಟ್ಟರೂ ಇನ್‌ಸ್ಟಾಲ್ ಯಾವ ದೂರೂ ಇಲ್ಲದೆ ಮುಗಿಯುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ಆಮೇಲೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದಾಗ. ಕಾರಣ ಒಂದು ಕಡೆ, ಪರಿಣಾಮ ಇನ್ನೊಂದು ಕಡೆ ಇರುವ ಇಂತಹ ಜಾಗದಲ್ಲಿ ಪದಗಳನ್ನು ಉಳಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಚೌಕದ ಜೊತೆಗೆ, ಮೊದಲೇ ತೆರೆದಿದ್ದ ಕಮಾಂಡ್ ವಿಂಡೋಗೆ ಬದಲಾದ ಪಾತ್ ತಿಳಿಯುವುದಿಲ್ಲ, ಹೊಸದನ್ನು ತೆರೆಯಬೇಕು ಎಂಬುದನ್ನೂ ಬರೆಯುತ್ತೇನೆ. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಸುಡೊ’ (ನಿರ್ವಾಹಕರ ಅಧಿಕಾರದಿಂದ ಕೆಲಸ ಮಾಡಿಸುವ ಆದೇಶ) ಪಾಸ್‌ವರ್ಡ್ ಕೇಳಿದಾಗ, ಅದನ್ನು ಟೈಪ್ ಮಾಡುವಾಗ ಸಾಮಾನ್ಯವಾಗಿ ಒಂದು ಚುಕ್ಕೆಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಹೊಸಬರು ಗಾಬರಿಯಾಗದಿರಲು ಅಲ್ಲೊಂದು ವಾಕ್ಯ ಸಾಕು.

ಓದುಗರು ಅಡ್ಡದಾರಿ ಹಿಡಿಯಬಹುದಾದಲ್ಲಿ ಮಾತ್ರ ಕಾರಣವನ್ನೂ ವಿವರಿಸುತ್ತೇನೆ. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನಲ್ಲಿ, 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಈಚೆಗೆ, ವ್ಯವಸ್ಥೆಯ ಪೈಥಾನ್‌ಗೆ ನೇರವಾಗಿ ಪ್ಯಾಕೇಜ್ ಸೇರಿಸಲು, ಪೈಥಾನ್ ಪ್ಯಾಕೇಜುಗಳನ್ನು ಅಳವಡಿಸುವ ಸಾಧನವಾದ ‘ಪಿಪ್’ ಒಪ್ಪುವುದಿಲ್ಲ. ಬಲವಂತದಿಂದ ಸೇರಿಸುವ ಆಯ್ಕೆಯೊಂದು ದೋಷಸಂದೇಶದಲ್ಲೇ ಕಾಣುವುದರಿಂದ ಅವಸರದಲ್ಲಿರುವವರು ಅದನ್ನೇ ಬಳಸುತ್ತಾರೆ. ಆದ್ದರಿಂದ ವರ್ಚುವಲ್ ಎನ್‌ವಿರಾನ್‌ಮೆಂಟ್ (ಪ್ಯಾಕೇಜುಗಳನ್ನು ವ್ಯವಸ್ಥೆಯ ಪೈಥಾನ್‌ನಿಂದ ಬೇರೆಯಾಗಿ ಇಡುವ ಜಾಗ) ರಚಿಸುವ ಆದೇಶದ ಪಕ್ಕದಲ್ಲೇ, ಕಾರ್ಯಾಚರಣ ವ್ಯವಸ್ಥೆಯ ಸ್ವಂತ ಸಾಧನಗಳೂ ಅದೇ ಪೈಥಾನನ್ನು ನೆಚ್ಚಿಕೊಂಡಿರುತ್ತವೆ, ಅದು ಕೆಟ್ಟರೆ ಅವೂ ಕೆಡಬಹುದು ಎಂದು ತಿಳಿಸುತ್ತೇನೆ.

ಪ್ರತಿ ಮುಖ್ಯ ಹಂತದ ಕೊನೆಗೆ ಪರೀಕ್ಷಿಸುವ ಆದೇಶವನ್ನೂ ಬರಬೇಕಾದ ಉತ್ತರವನ್ನೂ ಕೊಡುತ್ತೇನೆ. ಉದಾಹರಣೆಗೆ, ಪೈಥಾನ್‌ನ ಆವೃತ್ತಿ ಸಂಖ್ಯೆ 3.12ರಿಂದ ಆರಂಭವಾದರೆ ಸರಿ, ನಂತರದ ಅಂಕಿ ಬೇರೆಯಾಗಬಹುದು ಎಂದು ಬರೆದರೆ ಅನಗತ್ಯ ಸಂಶಯ ಹುಟ್ಟುವುದಿಲ್ಲ. ಪರದೆಯ ಚಿತ್ರಗಳು ಹೊಸ ಆವೃತ್ತಿ ಬಂದೊಡನೆ ಹಳತಾಗುವುದರಿಂದ ಅವುಗಳನ್ನು ಆದಷ್ಟು ಕಡಿಮೆ ಮಾಡುತ್ತೇನೆ.

ಕೊನೆಗೆ, ಬೇರೇನೂ ಅಳವಡಿಸದ ವರ್ಚುವಲ್ ಯಂತ್ರವೊಂದರಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ರೂಪಿಸಿದ ಇನ್ನೊಂದು ಕಂಪ್ಯೂಟರಿನಲ್ಲಿ), ತಂತ್ರಾಂಶದ ಪರಿಚಯವಿಲ್ಲದ ಒಬ್ಬರಿಗೆ ಸೂಚನೆಗಳನ್ನು ಕೊಟ್ಟು, ಬಾಯಿ ತೆರೆಯದೆ ನೋಡುತ್ತೇನೆ. ಅವರು ತಡವರಿಸಿದಲ್ಲಿ ಒಂದು ಸಾಲು ಸೇರುತ್ತದೆ. ಓದದೆ ದಾಟಿದ ಸಾಲು, ಅದನ್ನು ಬಿಟ್ಟರೂ ಕೆಲಸ ಕೆಡದಿದ್ದರೆ, ಹೋಗುತ್ತದೆ.