ಕಾಲು ಉಳಿಸಿಕೊಟ್ಟ ಹಳೇ ಪಂಚೆ: ನನ್ನ ಅನುಭವ

ನನಗೆ ಶುಗರ್ ಬಂದು 16 ವರ್ಷ ಆಯ್ತು. ಮಾತ್ರೆ, ಇನ್ಸುಲಿನ್, ಪಥ್ಯ ಎಲ್ಲ ನಿಮಗೂ ಗೊತ್ತಿರುವುದೇ. ನಾನು ಹೇಳುವುದು ಪಾದದ ವಿಚಾರ ಮಾತ್ರ. ಎರಡೂವರೆ ವರ್ಷದಿಂದ ನನ್ನ ಕಾಲಿಗೆ ಒಂದೇ ಒಂದು ಹುಣ್ಣು ಆಗಿಲ್ಲ.

ತಿಪಟೂರಿನಲ್ಲಿ ನನ್ನದು ಕಿರಾಣಿ ಅಂಗಡಿ. ದಿನಕ್ಕೆ 11-12 ಗಂಟೆ ನಿಂತೇ ಇರಬೇಕು. ಬಲಗಾಲಿನ ಕಿರುಬೆರಳ ಬುಡದಲ್ಲಿ ಆಣಿ ಎದ್ದಿತ್ತು. ಮೆಡಿಕಲ್ ಶಾಪಿನಿಂದ ಆಣಿ ಪಟ್ಟಿ ತಂದು ನಾನೇ ಅಂಟಿಸಿದೆ. ಅದರಲ್ಲಿರುವ ಆಸಿಡ್ಡು ಆಣಿ ಜೊತೆಗೆ ಒಳ್ಳೆ ಚರ್ಮವನ್ನೂ ತಿಂದುಬಿಟ್ಟಿತು, ಶುಗರಿನಿಂದ ಜೋಮು ಹಿಡಿದ ಕಾಲಿಗೆ ಉರಿ ಕೂಡ ಗೊತ್ತಾಗಲಿಲ್ಲ. ಕಾಲುಚೀಲಕ್ಕೆ ಕೀವು ಅಂಟಿದ್ದನ್ನು ನೋಡಿದ್ದು ಬಟ್ಟೆ ಒಗೆಯಲು ಕೂತ ನನ್ನ ಹೆಂಡತಿ. ಮೂರೂವರೆ ತಿಂಗಳು ಡ್ರೆಸ್ಸಿಂಗ್. ಔಷಧಿ, ಟೆಸ್ಟು, ಆಟೋ ಎಲ್ಲ ಸೇರಿ 40 ಸಾವಿರದ ಹತ್ತಿರ ಹೋಯ್ತು, ಅಂಗಡಿ ಮುಚ್ಚಿದ ನಷ್ಟ ಬೇರೆ. ಆ ಪಟ್ಟಿಗೆ ಕೊಟ್ಟಿದ್ದು ಮೂವತ್ತೋ ನಲವತ್ತೋ ರೂಪಾಯಿ.

ಮುಟ್ಟಿದ್ದು ಗೊತ್ತಾಗುತ್ತಾ ಅಂತ ಡಾಕ್ಟರು ಕಣ್ಣು ಮುಚ್ಚಿಸಿ ನೈಲಾನ್ ಎಳೆಯಿಂದ ಪಾದದ ಹತ್ತು ಕಡೆ ಒತ್ತಿದರು. ನಾನು ಹ್ಞೂಂ ಅಂದಿದ್ದು ಮೂರು ಕಡೆ ಮಾತ್ರ. ದಿನಾ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಿ ಅಂದರು. ಎರಡು ತಿಂಗಳು ನೋಡಿದೆ. ಮಂಡಿ ಬಗ್ಗಲ್ಲ, ಕಣ್ಣು ಮಂಜು, ಹಿಮ್ಮಡಿ ಬಿರುಕು ಬಿಟ್ಟಿದ್ದು ಗೊತ್ತೇ ಆಗಲಿಲ್ಲ.

ಆಮೇಲೆ ಹೊಳೆದಿದ್ದು ಪಂಚೆ. ಬಿಳಿ ಹಳೇ ಪಂಚೆಯನ್ನು ಕರ್ಚೀಫಿನಷ್ಟು ಅಗಲಕ್ಕೆ ಹರಿದು ಒಂದು ಮೂವತ್ತು ತುಂಡು ಮಾಡಿಟ್ಟೆ. ರಾತ್ರಿ ಅಂಗಡಿ ಬಾಗಿಲು ಹಾಕಿ ಬಂದ ಮೇಲೆ ಉಗುರು ಬೆಚ್ಚಗಿನ ನೀರಲ್ಲಿ ಕಾಲು ತೊಳೆಯುತ್ತೇನೆ, ನೀರಿನ ಬಿಸಿ ಹೆಂಡತಿಯೇ ನೋಡಬೇಕು, ನೆನೆಸಿಡುವುದಿಲ್ಲ. ಒಂದು ಕಾಲಿಗೆ ಒಂದು ತುಂಡು. ಬೆರಳ ಸಂದು ನಾಲ್ಕು, ಬಟ್ಟೆಯ ಮೂಲೆಯೂ ನಾಲ್ಕು. ಒಂದೊಂದು ಸಂದಿಗೆ ಒಂದೊಂದು ಮೂಲೆ, ಉಜ್ಜದೆ ಒತ್ತಿ ಒರೆಸುವುದು. ನಡುಭಾಗ ಅಂಗಾಲಿಗೆ. ಆಮೇಲೆ ಟ್ಯೂಬ್‌ಲೈಟ್ ಕೆಳಗೆ ಬಟ್ಟೆ ನೋಡಿದರೆ ಸಾಕು, ಹಳದಿ ಕಲೆಯೋ ಕೆಂಪು ಚುಕ್ಕೆಯೋ ಇದ್ದರೆ ಯಾವ ಬೆರಳಿನದು ಅಂತಲೂ ತಿಳಿಯುತ್ತದೆ. ಬಟ್ಟೆಗೆ ಅಂಟದ ಕೆಂಪು, ಊತ ನೋಡಲು ಮೊಮ್ಮಗ ಮೊಬೈಲಿನಲ್ಲಿ ಅಂಗಾಲಿನ ಫೋಟೋ ತೆಗೆದುಕೊಡುತ್ತಾನೆ. ಅದನ್ನು ದೊಡ್ಡದು ಮಾಡಿ ನೋಡುತ್ತೇನೆ.

"ದಿನಾ ಕಾಲು ಒರೆಸ್ಕೊಂಡು ಕೂತ್ರೆ ಶುಗರ್ ಇಳಿಯುತ್ತೇನೋ?" ಅಂತ ಅಣ್ಣ ಎಲ್ಲರ ಮುಂದೆ ಕೇಳಿದ. ಅವನಿಗೂ ಶುಗರ್ ಇದೆ. ಏಳೆಂಟು ತಿಂಗಳಾದ ಮೇಲೆ ಒಂದು ರಾತ್ರಿ ಬಟ್ಟೆಯ ನಡುವೆ ಸಾಸಿವೆ ಕಾಳಿನಷ್ಟು ರಕ್ತ. ಚಪ್ಪಲಿ ತಿರುಗಿಸಿ ನೋಡಿದರೆ ಪೆಟ್ಟಿಗೆಯ ಮೊಳೆ ಅಟ್ಟೆ ದಾಟಿ ಮೇಲೆ ಬಂದಿದೆ, ನಾನು ಅದರ ಮೇಲೇ ಇಡೀ ದಿನ ನಿಂತಿದ್ದೆ! ಬೆಳಿಗ್ಗೆನೇ ಡಾಕ್ಟರ ಹತ್ತಿರ ಓಡಿದೆ, ಟಿಟಿ ಇಂಜೆಕ್ಷನ್, ಮಾತ್ರೆ, ವಾರದಲ್ಲಿ ಮಾಯಿತು. ಏಳುನೂರು ರೂಪಾಯಿಯಲ್ಲಿ ಮುಗೀತು, 40 ಸಾವಿರ ಎಲ್ಲಿ, ಇದೆಲ್ಲಿ! ಈಗ ಮೆಟ್ಟುವ ಮುಂಚೆ ಚಪ್ಪಲಿ ಕೊಡವಿ ಒಳಗೆ ಕೈಯಾಡಿಸದೆ ಕಾಲಿಡಲ್ಲ.

ಹಿಂದೆ ಪಟ್ಟಿ ಇರುವ ಎಂಸಿಆರ್ (ಮೆತ್ತನೆ ರಬ್ಬರ್ ಅಟ್ಟೆಯ) ಚಪ್ಪಲಿ ಎರಡು ಜೊತೆ ಇಟ್ಟಿದ್ದೇನೆ, ಒಂದು ಜೊತೆಗೆ 1,400 ಕೊಟ್ಟ ನೆನಪು. ಒಂದು ಮನೆಯೊಳಗೇ. ಮನೇಲಿ ಚಪ್ಪಲಿನಾ ಅಂತ ಎರಡು ತಿಂಗಳು ಜಗಳ ಆಯ್ತು, ದೇವರ ಮನೆಗೆ ಕಾಲುಚೀಲ ಅಂತ ರಾಜಿಯಾಯ್ತು. ಪಟ್ಟಿ ಉಜ್ಜದ ಹಾಗೆ ಒಳಗೆ ಒಂದು ಚೂರು ಹೊಲಿಸಿದ್ದೇನೆ. ಅದು ಹೇಗೆ ಅಂತ ಬರೆಯಲ್ಲ, ಅಳತೆ ತಪ್ಪಿದರೆ ಗಾಯ ಆಗುತ್ತೆ, ಎದುರಿಗೆ ಸಿಕ್ಕರೆ ತೋರಿಸುತ್ತೇನೆ.

ಕೊಬ್ಬರಿ ಊರಿನವನು, ಎಣ್ಣೆಯನ್ನೂ ಪರೀಕ್ಷೆ ಮಾಡಿದೆ. ಒಂದು ತಿಂಗಳು ಎಡಗಾಲಿಗೆ ಕೊಬ್ಬರಿ ಎಣ್ಣೆ, ಬಲಗಾಲಿಗೆ ಚರ್ಮ ಮೆದು ಮಾಡುವ ಯೂರಿಯಾ ಕ್ರೀಮು. ಬಿರುಕು ಬೇಗ ಮುಚ್ಚಿದ್ದು ಬಲಗಾಲಿನದು. ಯಾವುದಾದರೂ ಸರಿ, ಬೆರಳ ಸಂದಿಗೆ ಹಚ್ಚಬೇಡಿ, ತೇವಕ್ಕೆ ಕೊಳೆಯುತ್ತೆ.

2020ರಲ್ಲಿ ಅಂಗಡಿಗೆ ತಂದಿದ್ದ ಜ್ವರ ನೋಡುವ ಗನ್ನು ಸುಮ್ನೆ ಬಿದ್ದಿತ್ತು. ಹುಣ್ಣಾಗುವ ಮುಂಚೆ ಆ ಜಾಗ ಕಾಯುವುದುಂಟು, ಅದಕ್ಕೇ ಆ ಗನ್ನನ್ನು ವಸ್ತುಗಳ ಬಿಸಿ ನೋಡುವ ಮೋಡಿಗೆ ಹಾಕಿ ಎರಡೂ ಪಾದದ ಅದೇ ಜಾಗಗಳನ್ನು ಹೋಲಿಸುತ್ತೇನೆ. ಒಂದು ಕಡೆ ಎರಡು ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಎರಡು ದಿನ ಹಾಗೇ ಇದ್ದರೆ ಓಡಾಟ ನಿಲ್ಲಿಸಿ ಡಾಕ್ಟರಿಗೆ ತೋರಿಸುವುದು. ಒಂದು ಸಲ ಎಡ ಹೆಬ್ಬೆರಳ ಬುಡ ಹಾಗೆ ಕಾಯ್ದಿತ್ತು. ಹತ್ತು ದಿನ ಸ್ಟೂಲಿನ ಮೇಲೆ ಕೂತೇ ವ್ಯಾಪಾರ ಮಾಡಿದೆ, ಇಳೀತು.

ಈಗ ಅಣ್ಣನೂ ಭಾನುವಾರ ಬರುತ್ತಾನೆ. ಹೋದ ವಾರ ಅವನ ಬಟ್ಟೆಯ ಕಿರುಬೆರಳಿನ ಮೂಲೆ ಹಳದಿಯಾಗಿತ್ತು. ಸೋಮವಾರ ಬೆಳಿಗ್ಗೆ ನಾನೇ ಕರೆದುಕೊಂಡು ಹೋಗಿ ತೋರಿಸಿ ಬಂದೆ.