ಕೆಳಗೆ ಐದು ಸ್ಟಾರ್, ಮೇಲೆ ಮೂರು ಸ್ಟಾರ್

2024ರ ಮೇ ತಿಂಗಳ ಕರೆಂಟ್ ಬಿಲ್ ಕೈಗೆ ಬಂದಾಗ ಮೊದಲು ನೋಡಿದ್ದು ಯೂನಿಟ್. 191. ಕಲಬುರಗಿಯ ಬಿಸಿಲು, ಹೊರಗೆ 42-43 ಡಿಗ್ರಿ. ಅಪ್ಪ-ಅವ್ವ ಇರುವ ಕೆಳಮನೆಯಲ್ಲಿ ಒಂದೂವರೆ ಟನ್ ಎ.ಸಿ. ದಿನಾ ಎಂಟು ತಾಸು ಓಡಿದೆ. ಆದರೂ 200 ದಾಟಿಲ್ಲ. ಬಿಲ್ಲಿನ ಫೋಟೋ ತೆಗೆದು ಮೊದಲು ಕಳಿಸಿದ್ದು ಸೋದರಮಾವನಿಗೆ.

ಯಾಕಂದ್ರೆ ಫೆಬ್ರವರಿಯಲ್ಲಿ ನಾನು ಕೆಳಗೆ ಐದು ಸ್ಟಾರ್, ಮೇಲೆ ನಮ್ಮ ರೂಮಿಗೆ ಮೂರು ಸ್ಟಾರ್ ತಂದಾಗ ಮಾವ ಎಲ್ಲರ ಎದುರಿಗೇ ಅಂದಿದ್ದರು: "ಒಂದೇ ಮನಿಗಿ ಎರಡು ನಮೂನಿ ಎ.ಸಿ. ಹಾಕ್ತಾರೇನೋ? ರಿಪೇರಿ ಮಾಡಿ ಮಾಡಿ ನಿನ್ನ ತಲ್ಯಾಗೂ ಗ್ಯಾಸ್ ಲೀಕ್ ಆಗ್ಯದ."

ಎ.ಸಿ. ಸರ್ವಿಸ್ ನನ್ನ ಕೆಲಸ, ಹದಿನಾಲ್ಕು ವರ್ಷವಾಯಿತು. ಹಾಗಿದ್ದೂ ಮೊದಲ ಸಲ ನಾನೇ ಟೋಪಿ ಹಾಕಿಸಿಕೊಂಡೆ. 2022ರ ಮಳೆಗಾಲ. ಒಂದು ಅಂಗಡಿಯಲ್ಲಿ ಐದು ಸ್ಟಾರ್ ಮಾಲು, ನಾಲ್ಕು ಸಾವಿರ ಕಡಿಮೆ. ಎತ್ತಿಕೊಂಡು ಬಂದೆ. ಮನೆಗೆ ಬಂದು ಲೇಬಲ್ ಸರಿಯಾಗಿ ನೋಡಿದರೆ ಐಎಸ್‌ಇಇಆರ್ (ತಿಂದ ಕರೆಂಟಿಗೆ ಎಷ್ಟು ತಂಪು ಕೊಡುತ್ತದೆ ಅನ್ನುವ ಅಂಕಿ) 4.6. ಆ ವರ್ಷದ ಜುಲೈಗೆ, ಸ್ಟಾರ್ ನಿಗದಿ ಮಾಡುವ ಕೇಂದ್ರದ ಸಂಸ್ಥೆ ಬಿ.ಇ.ಇ.ಯ ಪಟ್ಟಿ ಬದಲಾಗಿತ್ತು. ಮೊದಲು ಸ್ಪ್ಲಿಟ್‌ಗೆ (ಒಳಗೊಂದು, ಹೊರಗೊಂದು ಪೆಟ್ಟಿಗೆ ಇರುವ ಎ.ಸಿ.ಗೆ) 4.5 ಇದ್ದರೆ ಐದು ಸ್ಟಾರ್, ಆಗಿನಿಂದ 5 ಬೇಕಾಯಿತು. ಅಂದರೆ ನಾನು ಐದು ಅಂತ ತಂದದ್ದು ಹೊಸ ಲೆಕ್ಕದಲ್ಲಿ ನಾಲ್ಕು. ಲೇಬಲ್ ಮೇಲೆ ಅವಧಿ ಬರೆದೇ ಇತ್ತು, ನಾನೇ ನೋಡಲಿಲ್ಲ. ಅದೀಗ ನನ್ನ ವರ್ಕ್‌ಶಾಪಿನಲ್ಲಿದೆ. ಗಿರಾಕಿಗಳಿಗೆ ಕಥೆ ಹೇಳುವುದಿಲ್ಲ.

ಆವತ್ತಿನಿಂದ ಸ್ಟಾರ್ ಎಣಿಸುವುದು ಬಿಟ್ಟೆ. ನೋಡುವುದು ಲೇಬಲ್ಲಿನ ಕೆಳಗಿನ ಸಾಲು: ವರ್ಷಕ್ಕೆ ಇಷ್ಟು ಯೂನಿಟ್. ಅದು 1600 ತಾಸಿನ ಲೆಕ್ಕ. ಅದನ್ನು 1600ರಿಂದ ಭಾಗಿಸಿ, ನಿಮ್ಮ ತಾಸಿನಿಂದ ಗುಣಿಸಿ. ಅಷ್ಟೇ. ನಾನು ನೋಡಿದ ಐದು ಸ್ಟಾರ್ ಸುಮಾರು 750 ಇತ್ತು, ಮೂರು ಸ್ಟಾರ್ 960ರ ಹತ್ತಿರ. ತಾಸಿಗೆ 0.47 ಮತ್ತು 0.6. ಬೆಲೆಯಲ್ಲಿ ಒಂಬತ್ತು ಸಾವಿರ ವ್ಯತ್ಯಾಸ.

ಇಲ್ಲೊಂದು ಗುಂಡಿ ಇದೆ, ನಮ್ಮವರೇ ಬೀಳುತ್ತಾರೆ. ಒಂದೂವರೆ ಟನ್ ಅಂದರೆ ಲೆಕ್ಕಕ್ಕೆ 5.27 ಕಿಲೋವ್ಯಾಟ್ ತಂಪು. ಪೆಟ್ಟಿಗೆ ಮೇಲೆ ಒಂದೂವರೆ ಟನ್ ಅಂತಲೇ ಇರುತ್ತದೆ, ಕೆಲವದರ ಲೇಬಲ್ಲಿನಲ್ಲಿ ಮಾತ್ರ 4.8. ತಂಪು ಕಡಿಮೆ ಕೊಟ್ಟರೆ ಯೂನಿಟ್ಟೂ ಕಡಿಮೆ ಕಾಣುತ್ತದೆ, ಅಲ್ವಾ? ಕೆಪಾಸಿಟಿ ಒಂದೇ ಇದ್ದರೆ ಯೂನಿಟ್ ಹೋಲಿಸಿ. ಬೇರೆ ಇದ್ದರೆ ಐಎಸ್‌ಇಇಆರ್ ಹೋಲಿಸಿ.

ಮೇಲಿನ ರೂಮು ನಾವು ಬಳಸುವುದು ರಾತ್ರಿ ಮಾತ್ರ. ಆರು ತಾಸು, ಬೇಸಿಗೆಯ ತೊಂಬತ್ತು ದಿನ. 540 ತಾಸು. ಐದು ಸ್ಟಾರ್ ಹಾಕಿದರೆ ಉಳಿಯುವುದು ವರ್ಷಕ್ಕೆ 70 ಯೂನಿಟ್. ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಐನೂರು ಆಗಲ್ಲ. ಒಂಬತ್ತು ಸಾವಿರ ವಾಪಸ್ ಬರಲು ಹದಿನೆಂಟು ವರ್ಷ! ಅಷ್ಟರಲ್ಲಿ ಕಾಯಿಲ್ ತೂತು ಬಿದ್ದು ಗುಜರಿಗೆ ಹೋಗಿರುತ್ತದೆ. ಮೂರು ಸ್ಟಾರ್ ಸಾಕು.

ಕೆಳಗಿನ ಲೆಕ್ಕವೇ ಬೇರೆ. ಮಧ್ಯಾಹ್ನ ಮೂರು ತಾಸು, ರಾತ್ರಿ ಐದು. ಅದಕ್ಕಿಂತ ಮುಖ್ಯ, ಆ ಮೀಟರ್ ಅಪ್ಪನ ಹೆಸರಿನಲ್ಲಿದೆ, ಗೃಹಜ್ಯೋತಿ ಇದೆ. ಅವರ ಪಾಲಿನ ಉಚಿತ ಯೂನಿಟ್ ಎಪ್ಪತ್ತೈದರಷ್ಟು. ಅದು ದಾಟಿದರೆ ಮೇಲಿನದಕ್ಕಷ್ಟೇ ದುಡ್ಡು. ಆದರೆ 200 ದಾಟಿತೋ, ಇಡೀ ಬಿಲ್ ನಮ್ಮ ತಲೆಗೆ. ಫ್ಯಾನು, ಫ್ರಿಜ್ಜು, ಟಿವಿ ಸೇರಿ ಅವರಿಗೆ 65 ಯೂನಿಟ್ ಬೇಕೇ ಬೇಕು. ಲೇಬಲ್ ಪ್ರಕಾರ 240 ತಾಸಿಗೆ ಐದು ಸ್ಟಾರ್ 113 ಯೂನಿಟ್, ಮೂರು ಸ್ಟಾರ್ 144. ಒಂದು 200ರ ಈಚೆ, ಇನ್ನೊಂದು ಆಚೆ. ಆ ಮೂವತ್ತು ಯೂನಿಟ್ಟಿಗೆ ತಿಂಗಳಿಗೆ ಏಳೆಂಟು ನೂರು ರೂಪಾಯಿ ವ್ಯತ್ಯಾಸ ಬೀಳುತ್ತದೆ. ನಾಲ್ಕೈದು ಬೇಸಿಗೆಗೆ ಒಂಬತ್ತು ಸಾವಿರ ವಸೂಲು.

ಎ.ಸಿ. ಲೈನಿಗೆ ಸಬ್‌ಮೀಟರ್ ಹಾಕಿದ್ದೆ. ಮೇ ತಿಂಗಳಲ್ಲಿ 113 ಬರಲಿಲ್ಲ, 125ರಷ್ಟು ಬಂತು. ಬರಲೇಬೇಕು. ಲೇಬಲ್ ಲೆಕ್ಕ 24ರಿಂದ 43 ಡಿಗ್ರಿವರೆಗಿನ ಹವೆಯನ್ನೆಲ್ಲ ಕಲಸಿ ಮಾಡಿದ್ದು. ನಮ್ಮ ಮೇ ತಿಂಗಳಲ್ಲಿ 24 ಎಲ್ಲಿಂದ ಬರಬೇಕು? ಇಪ್ಪತ್ತೈದನೇ ತಾರೀಖಿನಿಂದ ದಿನಾ ಮೀಟರ್ ಬೋರ್ಡ್ ಮುಂದೆ ನಿಲ್ಲುವುದೇ ಕೆಲಸವಾಗಿತ್ತು.

ನಡುವೆ ಒಂದು ಮಂಗಾಟವೂ ಆಯಿತು. ಔಟ್‌ಡೋರ್ ಯೂನಿಟ್ ತಂಪಾಗಿರಲಿ ಅಂತ ಅದರ ಹಿಂದೆ ಗೋಣಿಚೀಲ ಕಟ್ಟಿ ಬೋರ್‌ವೆಲ್ ನೀರು ಹನಿಸಿದೆ. ಮೊದಲ ವಾರ ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್ ಇಳಿದದ್ದು ಕಂಡು ಹಿಗ್ಗಿದೆ. ಮೂರನೇ ವಾರಕ್ಕೆ ಫಿನ್ಸ್ (ಬಿಸಿ ಹೊರಹಾಕುವ ತೆಳು ಲೋಹದ ಪಟ್ಟಿಗಳು) ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಕೆಮಿಕಲ್ ವಾಶ್‌ಗೆ ಅರ್ಧ ದಿನ, ಆರುನೂರು ರೂಪಾಯಿ. ಗೋಣಿಚೀಲ ಎಸೆದು, ನೆರಳಿಗೆ ಮೇಲೊಂದು ಶಹಾಬಾದ್ ಫರಸಿ ಕಲ್ಲು ಕೂರಿಸಿದೆ. ಗಾಳಿಗೆ ಜಾಗ ಎಷ್ಟು ಬಿಟ್ಟೆ, ಯಾವ ಓರೆಗೆ ಇಟ್ಟೆ ಅಂತ ಇಲ್ಲಿ ಬರೆಯಲ್ಲ. ಅದು ನನ್ನ ಹೊಟ್ಟೆಪಾಡು.

ಮಾಳಿಗೆಗೆ ಸುಣ್ಣ ಹೊಡೆದದ್ದು ಮಾತ್ರ ಫಲ ಕೊಟ್ಟಿತು. ಖರ್ಚು ಸಾವಿರದೈನೂರು. ಮೇಲಿನ ರೂಮಿನ ಛತ್ತು ರಾತ್ರಿ ಹತ್ತಕ್ಕೂ ಕೈ ಇಟ್ಟರೆ ಚುರುಗುಟ್ಟುತ್ತಿತ್ತು. ಈಗ ಬೆಚ್ಚಗಿರುತ್ತದೆ, ಅಷ್ಟೇ.

ಮಾವನಿಂದ ಉತ್ತರ ಬಂದಿದ್ದು ಎರಡು ದಿನ ಬಿಟ್ಟು: "ನಮ್ಮ ಮನಿ ಲೇಬಲ್ ಫೋಟೋ ಕಳಸ್ಲೇನು?"

ಅವರಿಗೆ ಒಂದು ಹೇಳಿಲ್ಲ. ನಾನು 25ಕ್ಕೆ ಇಟ್ಟು ಬಂದರೆ, ಅವ್ವ ಕಾಲು ಜುಮ್ ಅಂತಾವೆ ಅಂತ 27ಕ್ಕೆ ಏರಿಸಿ ಫ್ಯಾನ್ ಹಾಕಿಕೊಳ್ಳುತ್ತಿದ್ದಳು. ಡಿಗ್ರಿಗೆ ಆರು ಪರ್ಸೆಂಟ್ ಉಳಿತಾಯ ಅಂತ ಬಿ.ಇ.ಇ.ಯೇ ಹೇಳುತ್ತದೆ. 191ರಲ್ಲಿ ಅವಳ ಪಾಲು ಎಷ್ಟು ಅಂತ ನಾನು ಲೆಕ್ಕ ಹಾಕಲು ಹೋಗಿಲ್ಲ.